ಅಲ್ಸರೇಟಿವ್ ಕೊಲೈಟಿಸ್‌ಗೆ ಅಕ್ಯುಪಂಕ್ಚರ್: ಗುಳಿಗೆ ನಿಲ್ಲಿಸಿ ಸೂಜಿ ಹಾಕಿಸಿಕೊಳ್ಳಬಹುದೇ?

ಬೆಟಗೇರಿ ಅಣ್ಣ, ಗದಗ

ನನ್ನ ತಂಗಿಗೆ 26 ವರ್ಷ. ನಾಲ್ಕು ವರ್ಷಗಳ ಹಿಂದೆ ಅವಳಿಗೆ ರಕ್ತ ಬೆರೆತ ಭೇದಿ ಶುರುವಾದಾಗ ಮೊದಲು ಆಮಶಂಕೆಯೆಂದು, ಆಮೇಲೆ ಮೂಲವ್ಯಾಧಿಯೆಂದು ಔಷಧಿ ತಿಂದು ಎಂಟು ತಿಂಗಳು ಕಳೆದುಹೋದವು. ಕೊನೆಗೆ ಹುಬ್ಬಳ್ಳಿಯಲ್ಲಿ ಕೊಲೊನೊಸ್ಕೋಪಿ ಮಾಡಿ, ಕರುಳಿನ ಒಳಪದರದ ಚೂರು ತೆಗೆದು ಪರೀಕ್ಷಿಸಿದ ಮೇಲೆ ಅಲ್ಸರೇಟಿವ್ ಕೊಲೈಟಿಸ್ ಎಂಬುದು ಖಚಿತವಾಯಿತು. ಹುಣ್ಣುಗಳು ದೊಡ್ಡ ಕರುಳಿನ ಎಡಭಾಗದಲ್ಲಿವೆ. ಅಂದಿನಿಂದ, ಕರುಳಿನ ಉರಿಯೂತ ತಗ್ಗಿಸುವ ಮೆಸಲಮೈನ್ ಗುಳಿಗೆಯನ್ನು ಅವಳು ಒಂದು ದಿನವೂ ತಪ್ಪಿಸಿಲ್ಲ. ಆದರೂ ಕಳೆದ ಒಂದು ವರ್ಷದಲ್ಲಿ ಎರಡು ಬಾರಿ ಕಾಯಿಲೆ ಕೆರಳಿತು, ಎರಡು ಸಲವೂ ಪ್ರೆಡ್ನಿಸೋಲೋನ್ ಕೊಡಬೇಕಾಯಿತು. ಆ ಸ್ಟಿರಾಯ್ಡಿನಿಂದ ಮುಖ ಊದಿಕೊಂಡಿತು, ನಿದ್ದೆ ಹೋಯಿತು. ಮನೆಯಲ್ಲಿ ಮದುವೆಯ ಮಾತುಕತೆ ನಡೆದಿರುವ ಸಮಯದಲ್ಲಿ ಇದೆಲ್ಲ ಅವಳ ಮನಸ್ಸಿನ ಮೇಲೆ ಎಷ್ಟು ಭಾರವಾಗಿದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹುಬ್ಬಳ್ಳಿಗೆ ಹೋಗಬೇಕಾದರೆ ಬಸ್ ಹತ್ತಲು ಅವಳಿಗೆ ಧೈರ್ಯವಿಲ್ಲ. ಶೌಚಾಲಯವಿದೆ ಎಂಬ ಒಂದೇ ಕಾರಣಕ್ಕೆ ರೈಲಿಗಾಗಿ ಕಾಯುತ್ತಾಳೆ.

ಈಗ ನಮ್ಮ ವೈದ್ಯರು ಅಜಥಯೋಪ್ರಿನ್ ಆರಂಭಿಸೋಣ ಎನ್ನುತ್ತಿದ್ದಾರೆ. ಅದು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ಎಂದು ಕೇಳಿದಾಗಿನಿಂದ ಅವ್ವ ಹೆದರಿದ್ದಾಳೆ. ಇದೇ ಹೊತ್ತಿಗೆ ಸಂಬಂಧಿಕರೊಬ್ಬರು ಹುಬ್ಬಳ್ಳಿಯಲ್ಲಿ ಅಕ್ಯುಪಂಕ್ಚರ್ ಮಾಡುವವರೊಬ್ಬರ ಬಳಿ ನಮ್ಮನ್ನು ಕರೆದುಕೊಂಡು ಹೋದರು. ವಿಶ್ವ ಆರೋಗ್ಯ ಸಂಸ್ಥೆ ಈ ಕಾಯಿಲೆಗೆ ಸೂಜಿ ಚಿಕಿತ್ಸೆಯನ್ನು ಒಪ್ಪಿದೆ ಎಂಬ ಫಲಕ ಅಲ್ಲಿತ್ತು. ಹತ್ತು ಸರದಿಗಳಲ್ಲಿ ಗುಣ ಕಾಣುತ್ತದೆ, ಆದರೆ ಗುಳಿಗೆಗಳು ದೇಹದಲ್ಲಿರುವವರೆಗೆ ಸೂಜಿ ಕೆಲಸ ಮಾಡುವುದಿಲ್ಲವಾದ್ದರಿಂದ 15 ದಿನಗಳ ನಂತರ ಎಲ್ಲವನ್ನೂ ನಿಲ್ಲಿಸಬೇಕು ಎಂದು ಅವರು ಹೇಳಿದರು.

ಅವಳಿಗೆ ಸೂಜಿಯ ಕಡೆಗೇ ಮನಸ್ಸಿದೆ. ನಾನು ಬೇಡ ಎನ್ನಲೂ ಆರೆ, ಹೂಂ ಎನ್ನಲೂ ಆರೆ. ಈ ಕಾಯಿಲೆಗೆ ಅಕ್ಯುಪಂಕ್ಚರ್ ನಿಜಕ್ಕೂ ಫಲ ಕೊಡುತ್ತದೆಯೇ, ಮೆಸಲಮೈನ್ ನಿಲ್ಲಿಸುವುದು ಸುರಕ್ಷಿತವೇ ಎಂಬುದನ್ನು ತಿಳಿದವರು ಬಿಡಿಸಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ಸಪ್ತಾಪುರದ ಓದುಗ, ಧಾರವಾಡ

ನನಗೆ ಇದೇ ಕಾಯಿಲೆ ಬಂದು 11 ವರ್ಷಗಳಾದವು. ಸೂಜಿ ಚಿಕಿತ್ಸೆಯನ್ನೂ ಪಡೆದಿದ್ದೇನೆ, ಗುಳಿಗೆಯನ್ನೂ ನಿಲ್ಲಿಸಿ ನೋಡಿದ್ದೇನೆ. ಆದ್ದರಿಂದ ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ.

ಆರನೆಯ ವರ್ಷದಲ್ಲಿ ನಾನು 14 ಸರದಿ ಸೂಜಿ ಹಾಕಿಸಿಕೊಂಡೆ. ಮೊಣಕಾಲು ಮತ್ತು ಮಣಿಕಟ್ಟಿನ ನೋವು ಈ ಕಾಯಿಲೆಯ ಜೊತೆಗೇ ನನಗೆ ಅಂಟಿಕೊಂಡಿತ್ತು. ಅದು ಗಣನೀಯವಾಗಿ ಇಳಿಯಿತು. ಎಷ್ಟೋ ತಿಂಗಳ ನಂತರ ರಾತ್ರಿ ಒಂದೇ ಸಮನೆ ಐದು ಗಂಟೆ ನಿದ್ದೆ ಬಂತು. ದಿನಕ್ಕೆ ಆರು ಸಲ ಸಂಡಾಸಿಗೆ ಹೋಗುತ್ತಿದ್ದವನು ನಾಲ್ಕಕ್ಕೆ ಇಳಿದೆ. ಇವೆಲ್ಲ ನನ್ನ ಭ್ರಮೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಆದರೆ ಆ ನೆಮ್ಮದಿಯೇ ನನ್ನನ್ನು ದಾರಿ ತಪ್ಪಿಸಿತು. ಹೊಟ್ಟೆ ಹಗುರವಾಗಿದೆ, ಇನ್ನು ಕರುಳೂ ಮಾಯ್ದಿರಬೇಕು ಎಂದುಕೊಂಡು, ವೈದ್ಯರಿಗೆ ಒಂದು ಮಾತೂ ತಿಳಿಸದೆ ಮೆಸಲಮೈನ್ ಬಿಟ್ಟೆ.

ಏಳನೆಯ ವಾರ ರಕ್ತ ಕಾಣಿಸಿಕೊಂಡಿತು. ಸೂಜಿ ಹಾಕುತ್ತಿದ್ದವರಿಗೆ ಹೇಳಿದೆ. ಒಳಗಿನ ವಿಷ ಹೊರಬೀಳುತ್ತಿದೆ, ಇದು ಒಳ್ಳೆಯ ಲಕ್ಷಣ, ಹತ್ತು ದಿನ ತಾಳಿಕೊಳ್ಳಿ ಎಂದರು. ನಾನು ತಾಳಿಕೊಂಡೆ. ಹತ್ತನೆಯ ದಿನ 12 ಸಲ ಬರೀ ರಕ್ತ ಮತ್ತು ಸಿಂಬಳ ಹೋಗಿ, ಮನೆಯ ಮೆಟ್ಟಿಲು ಇಳಿಯಲಾರದೆ ಕುಸಿದೆ. ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ 7.8 ಇತ್ತು, ಎರಡು ಬಾಟಲಿ ರಕ್ತ ಏರಿಸಿದರು, ಒಂಬತ್ತು ದಿನ ರಕ್ತನಾಳದ ಮೂಲಕ ಸ್ಟಿರಾಯ್ಡ್ ಕೊಟ್ಟರು. ಯಾವ ಸ್ಟಿರಾಯ್ಡಿನಿಂದ ತಪ್ಪಿಸಿಕೊಳ್ಳಬೇಕೆಂದು ನಾನು ಗುಳಿಗೆ ಬಿಟ್ಟಿದ್ದೆನೋ ಅದನ್ನೇ ಮೊದಲಿಗಿಂತ ಹೆಚ್ಚಿನ ಪ್ರಮಾಣದಲ್ಲಿ ತೆಗೆದುಕೊಳ್ಳಬೇಕಾಯಿತು.

ಇಂದಿಗೂ ನಾನು ಸೂಜಿಗೆ ವಿರೋಧಿಯಲ್ಲ. ಕೀಲುನೋವು ಹೆಚ್ಚಾದಾಗ ಬೇರೊಬ್ಬರ ಬಳಿ ಹೋಗುತ್ತೇನೆ, ಏಕೆಂದರೆ ಡೈಕ್ಲೋಫೆನ್ಯಾಕ್‌ನಂತಹ ನೋವಿನ ಗುಳಿಗೆಗಳು ನಮ್ಮ ಕರುಳನ್ನು ಕೆರಳಿಸಬಲ್ಲವು, ಅವುಗಳನ್ನು ನಾವು ಮನಬಂದಂತೆ ನುಂಗುವಂತಿಲ್ಲ. ಆದರೆ ಮೆಸಲಮೈನ್ ಡಬ್ಬಿ ಖಾಲಿಯಾಗುವ ಮೊದಲೇ ಹೊಸದನ್ನು ತಂದಿಡುತ್ತೇನೆ. ನಿಮ್ಮ ತಂಗಿಗೆ ಗುಳಿಗೆ ನಿಲ್ಲಿಸಿ ಎಂದವರು ಆ ಮಾತನ್ನು ಚೀಟಿಯಲ್ಲಿ ಬರೆದು ಸಹಿ ಮಾಡಿ ಕೊಡಲಿ ಎಂದು ಕೇಳಿ ನೋಡಿ.

ಕರುಳು ವೈದ್ಯ, ಹುಬ್ಬಳ್ಳಿ

ಬೆಟಗೇರಿಯವರೇ, ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಮೆಸಲಮೈನ್ ನಿಲ್ಲಿಸಬೇಡಿ. ಪ್ರೆಡ್ನಿಸೋಲೋನ್ ಇನ್ನೂ ನಡೆಯುತ್ತಿದ್ದರೆ ಅದನ್ನಂತೂ ಒಮ್ಮೆಗೇ ನಿಲ್ಲಿಸಲೇಬೇಡಿ. ವಾರಗಟ್ಟಲೆ ಹೊರಗಿನಿಂದ ಸ್ಟಿರಾಯ್ಡ್ ದೊರೆತಾಗ ದೇಹದ ಅಡ್ರಿನಲ್ ಗ್ರಂಥಿ ತನ್ನದೇ ಸ್ಟಿರಾಯ್ಡ್ ತಯಾರಿಸುವುದನ್ನು ತಗ್ಗಿಸಿಬಿಟ್ಟಿರುತ್ತದೆ, ಹಾಗಿರುವಾಗ ಗುಳಿಗೆಯನ್ನು ಥಟ್ಟನೆ ಕಸಿದುಕೊಂಡರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ಗುಳಿಗೆ ಇದ್ದರೆ ಸೂಜಿ ಕೆಲಸ ಮಾಡುವುದಿಲ್ಲ ಎಂಬ ಮಾತಿಗೆ ಯಾವ ಆಧಾರವೂ ಇಲ್ಲ.

ಇನ್ನು ಸೂಜಿಯಿಂದ ಫಲವಿದೆಯೇ ಎಂಬುದು. ನನ್ನ ಬಳಿ ಬರುವ ರೋಗಿಗಳು ಇದನ್ನು ಕೇಳಿದಾಗ ನಾನು ಕೈಬೀಸಿ ಕಳುಹಿಸುವುದಿಲ್ಲ, ಏಕೆಂದರೆ ಇದರ ಮೇಲೆ ಪ್ರಯೋಗಗಳು ನಡೆದಿವೆ ಮತ್ತು ಅವು ಓದಬೇಕಾದಂಥವು. ಜರ್ಮನಿಯಲ್ಲಿ 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸೌಮ್ಯದಿಂದ ಮಧ್ಯಮ ತೀವ್ರತೆಯ ಕ್ರೋನ್ಸ್ ಕಾಯಿಲೆಯ (ಇದೂ ಕರುಳಿನ ದೀರ್ಘಕಾಲದ ಉರಿಯೂತವೇ, ಆದರೆ ಕೊಲೈಟಿಸ್‌ಗಿಂತ ಬೇರೆ ಕಾಯಿಲೆ) 51 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಅಕ್ಯುಪಂಕ್ಚರ್‌ನ ನಿಜವಾದ ಬಿಂದುಗಳಲ್ಲಿ, ಇನ್ನೊಂದಕ್ಕೆ ಬಿಂದುಗಳಲ್ಲದ ಜಾಗದಲ್ಲಿ ಮೇಲುಮೇಲೆ ಸೂಜಿ ಚುಚ್ಚಿದರು; ನಾಲ್ಕು ವಾರಗಳಲ್ಲಿ ಹತ್ತು ಸರದಿ. ಕಾಯಿಲೆಯ ತೀವ್ರತೆಯ ಅಂಕ ಮೊದಲ ಗುಂಪಿನಲ್ಲಿ ಸರಾಸರಿ 250ರಿಂದ 163ಕ್ಕೆ ಇಳಿಯಿತು, ಎರಡನೆಯದರಲ್ಲಿ 220ರಿಂದ 181ಕ್ಕೆ. ನಿಜವಾದ ಸೂಜಿಯವರಿಗೆ ಹೆಚ್ಚು ಅನುಕೂಲವಾದದ್ದು ಸ್ಪಷ್ಟ. ಆದರೆ ಹುಸಿ ಸೂಜಿಯವರೂ ಸುಧಾರಿಸಿದರು ಎಂಬುದನ್ನು ಗಮನಿಸಬೇಕು. ಈ ಅಂಕ 150ಕ್ಕಿಂತ ಕೆಳಗೆ ಬಂದಾಗ ಮಾತ್ರ ಕಾಯಿಲೆ ಉಪಶಮನವಾಯಿತು ಎನ್ನುವುದು ರೂಢಿ. ಎರಡೂ ಗುಂಪುಗಳ ಸರಾಸರಿ ಅಲ್ಲಿಗೆ ತಲುಪಲಿಲ್ಲ. ಮತ್ತೊಂದು ಮಾತೆಂದರೆ, ಆ ಅಂಕದ ದೊಡ್ಡ ಪಾಲು ರೋಗಿ ತಾನೇ ಏಳು ದಿನ ಬರೆದಿಡುವ ಲೆಕ್ಕದಿಂದ ಬರುತ್ತದೆ: ಎಷ್ಟು ಸಲ ಭೇದಿಯಾಯಿತು, ಹೊಟ್ಟೆ ಎಷ್ಟು ನೋಯಿತು, ಒಟ್ಟಿನಲ್ಲಿ ಹೇಗನ್ನಿಸಿತು. ಧಾರವಾಡದವರು ಬರೆದ ನೆಮ್ಮದಿ ಈ ಅಂಕದಲ್ಲಿ ಕಾಣಿಸುತ್ತದೆ, ಅವರ ಕರುಳಿನ ಹುಣ್ಣು ಕಾಣಿಸದೆಯೂ ಇರಬಹುದು.

ನಿಮ್ಮ ತಂಗಿಯ ಕಾಯಿಲೆಯ ಮೇಲೆ, ಅಂದರೆ ಅಲ್ಸರೇಟಿವ್ ಕೊಲೈಟಿಸ್ ಮೇಲೆ, ಅದೇ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದ್ದವರು ಕೇವಲ 29 ಮಂದಿ. ಅಲ್ಲಿಯೂ ತೀವ್ರತೆಯ ಅಂಕದಲ್ಲಿ ನಿಜವಾದ ಸೂಜಿ ಮುಂದಿತ್ತು. ಬದುಕಿನ ಗುಣಮಟ್ಟ ಮಾತ್ರ ಎರಡೂ ಗುಂಪುಗಳಲ್ಲಿ ಸುಧಾರಿಸಿತು. ಇಪ್ಪತ್ತೊಂಬತ್ತು ಜನರನ್ನು ನೋಡಿ ಗುಳಿಗೆ ಬಿಡುವ ತೀರ್ಮಾನಕ್ಕೆ ಯಾರೂ ಬರಲಾಗದು.

ಈ ವಿಷಯದಲ್ಲಿ ಹೆಚ್ಚು ಭರವಸೆ ಹುಟ್ಟಿಸಿದ ಕೆಲಸ ಶಾಂಘೈಯಿಂದ ಬಂದಿದೆ. 2014ರಲ್ಲಿ 92 ಮತ್ತು 2022ರಲ್ಲಿ 66 ರೋಗಿಗಳ ಮೇಲಿನ ಅಧ್ಯಯನಗಳನ್ನು ಅಲ್ಲಿನ ತಂಡ ಪ್ರಕಟಿಸಿತು. ಎರಡರಲ್ಲಿಯೂ ಸೂಜಿಯ ಜೊತೆಗೆ ಮಾಕ್ಸಿಬಶ್ಚನ್ ಎಂಬ ಕಾವಿನ ಚಿಕಿತ್ಸೆಯಿತ್ತು, ಎರಡರಲ್ಲಿಯೂ ನಿಜವಾದ ಚಿಕಿತ್ಸೆ ಪಡೆದವರು ಹುಸಿ ಚಿಕಿತ್ಸೆ ಪಡೆದವರಿಗಿಂತ ಚೆನ್ನಾಗಿದ್ದರು. 2022ರ ಅಧ್ಯಯನದಲ್ಲಂತೂ 12 ವಾರ ಚಿಕಿತ್ಸೆ ನೀಡಿ, ಮುಂದೆ 36 ವಾರ ಅವರನ್ನು ಗಮನಿಸಿದರು. ನಾನು ಇದನ್ನು ಲಘುವಾಗಿ ಕಾಣುವುದಿಲ್ಲ. ಆದರೆ ಅವರೆಲ್ಲ ಕ್ರೋನ್ಸ್ ರೋಗಿಗಳು, ನಿಮ್ಮ ತಂಗಿಯ ಕಾಯಿಲೆ ಅದಲ್ಲ. ಚಿಕಿತ್ಸೆಯೂ ಹತ್ತು ಸರದಿಯದಲ್ಲ, ವಾರಕ್ಕೆ ಮೂರರಂತೆ 12 ವಾರ, ಅಂದರೆ 36 ಸರದಿ. ಗದಗಿನಿಂದ ಹುಬ್ಬಳ್ಳಿಗೆ 36 ಸಲ ಬಂದು ಹೋಗುವ ಶಕ್ತಿ, ಬಸ್ ಹತ್ತಲು ಹೆದರುವ ಹುಡುಗಿಗೆ ಇದೆಯೇ ಎಂಬುದನ್ನು ನೀವು ಯೋಚಿಸಬೇಕು. ಸೂಜಿ ಹಾಕುವವನಿಗೆ ತಾನು ಹಾಕುತ್ತಿರುವುದು ನಿಜವೋ ಹುಸಿಯೋ ಎಂಬುದು ಗೊತ್ತಿರುತ್ತದೆ ಎಂಬ ತೊಡಕು ಈ ಎಲ್ಲ ಪ್ರಯೋಗಗಳಿಗೂ ಇದೆ. ಗುಳಿಗೆಯ ಪ್ರಯೋಗಗಳಲ್ಲಿ ಅದನ್ನು ವೈದ್ಯನಿಂದಲೂ ಮುಚ್ಚಿಡಬಹುದು, ಸೂಜಿಯಲ್ಲಿ ಅದು ತುಂಬ ಕಷ್ಟ.

ನಿಮ್ಮ ತಾಯಿಯ ಹೆದರಿಕೆಯ ಬಗ್ಗೆ. ಅಜಥಯೋಪ್ರಿನ್ ಪೂರ್ತಿ ಫಲ ಕೊಡಲು ಎರಡು ಮೂರು ತಿಂಗಳು ಬೇಕು. ಆರಂಭದ ವಾರಗಳಲ್ಲಿ ಬಿಳಿ ರಕ್ತಕಣಗಳ ಎಣಿಕೆಯನ್ನು ಪದೇ ಪದೇ ನೋಡಬೇಕು, ಯಕೃತ್ತಿನ ಪರೀಕ್ಷೆಯನ್ನೂ ಮಾಡಿಸಬೇಕು. ನಮ್ಮ ದೇಶದ ಕೆಲವರಲ್ಲಿ ಎನ್‌ಯುಡಿಟಿ15 ಎಂಬ ಜೀನಿನ ವ್ಯತ್ಯಾಸವಿರುತ್ತದೆ, ಅಂಥವರಿಗೆ ಈ ಔಷಧಿಯಿಂದ ಕೂದಲು ಉದುರಿ ಬಿಳಿ ಕಣಗಳು ಥಟ್ಟನೆ ಕುಸಿಯಬಹುದು. ಸಾಧ್ಯವಾದರೆ ಆ ಪರೀಕ್ಷೆಯನ್ನು ಮೊದಲೇ ಮಾಡಿಸಿ. ಮದುವೆಯ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ: ಮೆಸಲಮೈನ್ ಮತ್ತು ಅಜಥಯೋಪ್ರಿನ್ ಎರಡನ್ನೂ ಸಾಮಾನ್ಯವಾಗಿ ಗರ್ಭಾವಸ್ಥೆಯಲ್ಲಿಯೂ ಮುಂದುವರಿಸುತ್ತೇವೆ. ಗರ್ಭಕ್ಕೆ ಹೆಚ್ಚು ಕೆಡುಕು ಮಾಡುವುದು ಕೆರಳಿದ ಕಾಯಿಲೆ. ಅದು ಕೆಲವು ತಿಂಗಳು ಶಾಂತವಾಗಿದ್ದಾಗ ಗರ್ಭ ನಿಲ್ಲುವುದು ಒಳ್ಳೆಯದು.

ಸೂಜಿ ಹಿಡಿಯುವ ವೈದ್ಯೆ, ಹಾವೇರಿ

ನಾನು ಎಂಬಿಬಿಎಸ್ ಮುಗಿಸಿ, ಅಕ್ಯುಪಂಕ್ಚರ್ ಕಲಿತು, ಎರಡನ್ನೂ ಮಾಡುತ್ತಿರುವವಳು. ಹುಬ್ಬಳ್ಳಿಯ ವೈದ್ಯರ ಮಾತುಗಳನ್ನು ಒಪ್ಪುತ್ತೇನೆ. ಗುಳಿಗೆ ನಿಲ್ಲಿಸಿ ಎನ್ನುವವರಿಂದ ಈ ವಿದ್ಯೆಗೇ ಕೆಟ್ಟ ಹೆಸರು ಬರುತ್ತಿದೆ ಎಂಬ ಸಂಕಟದಿಂದ ಬರೆಯುತ್ತಿದ್ದೇನೆ.

ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ 1938ರಲ್ಲಿ ಐವರು ವೈದ್ಯರ ತಂಡದೊಡನೆ ಚೀನಾಕ್ಕೆ ಹೋದದ್ದು, 1942ರಲ್ಲಿ ಅಲ್ಲಿಯೇ ತೀರಿಕೊಂಡದ್ದು ಅನೇಕರಿಗೆ ಗೊತ್ತು. ಅದೇ ತಂಡದಲ್ಲಿದ್ದ ಡಾ. ಬಿಜಯ್ ಕುಮಾರ್ ಬಸು ಮುಂದೆ ಮತ್ತೆ ಚೀನಾಕ್ಕೆ ಹೋಗಿ ಈ ವಿದ್ಯೆಯನ್ನು ಕಲಿತು 1959ರಲ್ಲಿ ಕೋಲ್ಕತ್ತಕ್ಕೆ ತಂದರು. ಭಾರತಕ್ಕೆ ಇದನ್ನು ತಂದವರು ಆಧುನಿಕ ವೈದ್ಯವನ್ನು ಓದಿದ ವೈದ್ಯರೇ. ಸೂಜಿಗೂ ಗುಳಿಗೆಗೂ ಹಗೆತನವಿದೆ ಎಂದು ಹೇಳುವವರು ಇದನ್ನು ನೆನಪಿಡಬೇಕು.

ಫಲಕದ ಮಾತಿಗೆ ಬರುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ 2003ರ ಪ್ರಕಟಣೆಯಲ್ಲಿ ದೀರ್ಘಕಾಲದ ಅಲ್ಸರೇಟಿವ್ ಕೊಲೈಟಿಸ್‌ನ ಹೆಸರಿರುವುದು ನಿಜ. ಆದರೆ ಅದಿರುವುದು ಪರಿಣಾಮ ಕಂಡಿದ್ದರೂ ಇನ್ನಷ್ಟು ಪುರಾವೆ ಬೇಕು ಎಂಬ ವಿಭಾಗದಲ್ಲಿ. ಫಲಕ ಬರೆಸಿದವರು ಆ ಅರ್ಧವನ್ನು ಬಿಟ್ಟಿದ್ದಾರೆ. ಕೇಂದ್ರ ಸರ್ಕಾರ 2019ರಲ್ಲಿ ಅಕ್ಯುಪಂಕ್ಚರನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯಾಗಿ ಮಾನ್ಯ ಮಾಡಿತು. ಹಾಗೆಂದು ಫಲಕ ಹಾಕಿದವರೆಲ್ಲ ತರಬೇತಿ ಪಡೆದವರೆಂದು ತಿಳಿಯಬಾರದು. ಎಲ್ಲಿ, ಎಷ್ಟು ಕಾಲ ಕಲಿತಿರಿ ಎಂದು ಕೇಳಲು ಸಂಕೋಚಪಡಬೇಡಿ.

ಸೂಜಿ ದೇಹದಲ್ಲಿ ಏನು ಮಾಡುತ್ತದೆ ಎಂಬುದು ಈಗೀಗ ಸ್ವಲ್ಪ ಬಿಡಿಸಿಕೊಳ್ಳುತ್ತಿದೆ. ಮೊಣಕಾಲಿನ ಕೆಳಗೆ, ಮುಂಗಾಲಿನ ಎಲುಬಿನ ಹೊರಬದಿಗೆ ಝುಸಾನ್‌ಲಿ ಎಂಬ ಬಿಂದುವಿದೆ; ಹೊಟ್ಟೆಯ ತೊಂದರೆಗಳಿಗೆ ನಾವು ಹೆಚ್ಚಾಗಿ ಬಳಸುವುದು ಅದನ್ನೇ. 2021ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಸಂಶೋಧನೆಯಲ್ಲಿ ಇಲಿಗಳ ಹಿಂಗಾಲಿನ ಆ ಬಿಂದುವಿಗೆ ಸೂಜಿಯ ಮೂಲಕ ಸಣ್ಣ ವಿದ್ಯುತ್ ಹರಿಸಿದಾಗ ವೇಗಸ್ ನರ (ಮೆದುಳಿನಿಂದ ಹೊಟ್ಟೆಯವರೆಗೆ ಇಳಿಯುವ ನರ) ಮತ್ತು ಅಡ್ರಿನಲ್ ಗ್ರಂಥಿಗಳ ದಾರಿಯಾಗಿ ಉರಿಯೂತ ತಗ್ಗಿತು; ಹೊಟ್ಟೆಯ ಮೇಲಿನ ಬಿಂದುವಿನಿಂದ ಆ ದಾರಿ ತೆರೆಯಲಿಲ್ಲ. ಓದಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆದರೂ ಅವು ಇಲಿಗಳು, ಅವುಗಳಿಗಿದ್ದದ್ದು ಬ್ಯಾಕ್ಟೀರಿಯಾದ ವಿಷದಿಂದ ಬಂದ ಉರಿಯೂತ; ವರ್ಷಗಟ್ಟಲೆ ಹುಣ್ಣಾದ ಮನುಷ್ಯನ ಕರುಳಿಗೆ ಅದನ್ನು ನೇರವಾಗಿ ಹೊಂದಿಸಿ ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಮಾಕ್ಸಿಬಶ್ಚನ್ ಎಂದರೆ ನಮ್ಮ ಮಾಚಿಪತ್ರೆಯ ಜಾತಿಯ ಗಿಡದ ಒಣ ಎಲೆಯನ್ನು ಉಂಡೆ ಮಾಡಿ, ಹೊತ್ತಿಸಿ, ಬಿಂದುವಿನ ಮೇಲೆ ಕಾವು ಕೊಡುವುದು. ಶಾಂಘೈಯ 2014ರ ಅಧ್ಯಯನದ ಹುಸಿ ಗುಂಪಿಗೆ ಗೋಧಿ ತವುಡಿನ ಬಿಲ್ಲೆಯ ಮೇಲೆ ಅದನ್ನು ಇಟ್ಟಿದ್ದರು.

ಅಪಾಯದ ಬಗ್ಗೆ ಇಲ್ಲಿ ಯಾರೂ ಹೇಳದ ಒಂದು ಮಾತಿದೆ. ಈ ಕಾಯಿಲೆಯ ಕೆಲವೇ ಕೆಲವು ರೋಗಿಗಳಿಗೆ ಪಯೋಡರ್ಮಾ ಗ್ಯಾಂಗ್ರಿನೋಸಮ್ ಎಂಬ ಆಳವಾದ ಚರ್ಮದ ಹುಣ್ಣು ಬರುತ್ತದೆ, ಅದೂ ಹೆಚ್ಚಾಗಿ ಮುಂಗಾಲಿನಲ್ಲಿ. ಚರ್ಮಕ್ಕೆ ಆದ ಸಣ್ಣ ಗಾಯವೂ, ಸೂಜಿಯ ಚುಚ್ಚು ಕೂಡ, ಅದನ್ನು ಎಬ್ಬಿಸಬಲ್ಲದು. ಹಿಂದೆ ಅಂಥ ಹುಣ್ಣು ಆಗಿದ್ದರೆ ನಾನು ಸೂಜಿ ಮುಟ್ಟುವುದೇ ಇಲ್ಲ. ಅಜಥಯೋಪ್ರಿನ್ ನಡೆಯುತ್ತಿದ್ದರೆ ಬಿಳಿ ಕಣ ಮತ್ತು ಪ್ಲೇಟ್‌ಲೆಟ್ ಎಣಿಕೆ ನೋಡದೆ ಹಾಕುವುದಿಲ್ಲ. ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು, ಒಮ್ಮೆ ಬಳಸಿದ್ದನ್ನು ಎಸೆಯಬೇಕು; ಹೆಪಟೈಟಿಸ್ ಬಿ ಹರಡುವ ದಾರಿಗಳಲ್ಲಿ ಇದೂ ಒಂದು. ಜ್ವರ, ಹೊಟ್ಟೆ ಉಬ್ಬರ, ದಿನಕ್ಕೆ ಆರಕ್ಕಿಂತ ಹೆಚ್ಚು ಸಲ ರಕ್ತಭೇದಿ ಇದ್ದರೆ ನನ್ನ ಬಳಿ ಬಂದವರನ್ನು ನಾನು ಆಸ್ಪತ್ರೆಗೆ ಕಳುಹಿಸುತ್ತೇನೆ.

ಕರುಳು ವೈದ್ಯ, ಹುಬ್ಬಳ್ಳಿ

ಚರ್ಮದ ಹುಣ್ಣಿನ ಮಾತನ್ನು ಎತ್ತಿದ್ದಕ್ಕೆ ಧನ್ಯವಾದಗಳು. ಬೆಟಗೇರಿಯವರಿಗೆ ಇನ್ನೊಂದು ಸೂಚನೆ: ಏನೇ ಆರಂಭಿಸುವ ಮೊದಲು ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಅಳೆಸಿ. ಇದು ಕರುಳಿನ ಉರಿಯೂತದಿಂದ ಬಿಳಿ ಕಣಗಳು ಬಿಡುವ ಪ್ರೋಟೀನ್. ಪ್ರತಿ ಗ್ರಾಮಿಗೆ 50 ಮೈಕ್ರೊಗ್ರಾಮಿಗಿಂತ ಕಡಿಮೆಯಿದ್ದರೆ ಸಹಜ, 250 ದಾಟಿದರೆ ಒಳಗೆ ಉರಿಯೂತ ಜೀವಂತವಾಗಿದೆ ಎಂದು ತಿಳಿಯುತ್ತೇವೆ. ತಂಗಿಗೆ ಹಗುರವೆನಿಸಿದರೂ ಈ ಸಂಖ್ಯೆ ಇಳಿಯದಿದ್ದರೆ ಕರುಳು ಮಾಯ್ದಿಲ್ಲ. ಅಜಥಯೋಪ್ರಿನ್ ಮತ್ತು ಸೂಜಿಯನ್ನು ಒಂದೇ ವಾರ ಆರಂಭಿಸಿದರೆ ಯಾವುದರಿಂದ ಏನಾಯಿತು ಎಂಬುದು ತಿಳಿಯದೆ ಹೋಗುತ್ತದೆ, ಅದೂ ನೆನಪಿರಲಿ.

ರಾಣೆಬೆನ್ನೂರಿನ ಹತ್ತಿ ಬೆಳೆಗಾರ

ಕ್ರೋನ್ಸ್ ಇರುವವನು ನಾನು. ನನಗೆ ಮೊದಲು ಕರುಳಿನ ಕ್ಷಯವೆಂದು ಆರು ತಿಂಗಳು ಔಷಧಿ ಕೊಟ್ಟರು. ಎರಡೂ ಕಾಯಿಲೆಗಳು ಒಂದೇ ರೀತಿ ಕಾಣುತ್ತವೆಯಂತೆ. ಸೂಜಿಗೆ ಹೋಗುವವರು ಮೊದಲು ತಮಗಿರುವುದು ಯಾವ ಕಾಯಿಲೆ ಎಂಬುದನ್ನು ಬಯಾಪ್ಸಿಯಿಂದ ಖಚಿತ ಮಾಡಿಕೊಳ್ಳಲಿ. ನಮ್ಮ ಊರಲ್ಲಿ ಸೂಜಿಯಿಂದ ಕೊಲೈಟಿಸ್ ವಾಸಿಯಾಯಿತು ಎಂದು ಹೇಳಿಕೊಳ್ಳುವ ಒಬ್ಬರ ಕಾಗದಗಳನ್ನು ನೋಡಿದಾಗ ಅವರಿಗಿದ್ದದ್ದು ಐಬಿಎಸ್, ಅಂದರೆ ಹುಣ್ಣಿಲ್ಲದೆಯೇ ಹೊಟ್ಟೆನೋವು, ಭೇದಿ ಕಾಡುವ ತೊಂದರೆ. ಕರುಳಿನಲ್ಲಿ ಹುಣ್ಣೇ ಇರಲಿಲ್ಲ.

ಬೆಟಗೇರಿ ಅಣ್ಣ, ಗದಗ

ಎಲ್ಲರ ಉತ್ತರಗಳನ್ನೂ ತಂಗಿಗೆ ಓದಿ ಹೇಳಿದೆ. ಧಾರವಾಡದವರ ಅನುಭವವನ್ನು ಎರಡು ಸಲ ಓದಿಸಿಕೊಂಡಳು. ಗುಳಿಗೆ ನಿಲ್ಲಿಸುವ ಮಾತನ್ನು ಬರೆದುಕೊಡಿ ಎಂದು ಫೋನಿನಲ್ಲಿ ಕೇಳಿದಾಗ ಹುಬ್ಬಳ್ಳಿಯ ಆ ಚಿಕಿತ್ಸಕರು ಆಗದು ಎಂದರು. ಅಲ್ಲಿಗೆ ಅವಳೇ ಆ ದಾರಿಯನ್ನು ಬಿಟ್ಟಳು.

ನಮ್ಮ ವೈದ್ಯರಿಗೆ ಸೂಜಿಯ ವಿಚಾರವನ್ನೂ ಮುಚ್ಚಿಡದೆ ಹೇಳಿದೆವು, ಅವರು ಸಿಟ್ಟಾಗಲಿಲ್ಲ. ಕ್ಯಾಲ್‌ಪ್ರೊಟೆಕ್ಟಿನ್ 612 ಬಂದಿದೆ. ಮೆಸಲಮೈನ್ ಮುಂದುವರಿಯುತ್ತದೆ, ಜೀನ್ ಪರೀಕ್ಷೆಯ ವರದಿ ಬಂದೊಡನೆ ಅಜಥಯೋಪ್ರಿನ್ ಶುರುವಾಗುತ್ತದೆ. 12 ವಾರಗಳ ನಂತರ ಮತ್ತೆ ಅಳೆದು, ನಿದ್ದೆ ಮತ್ತು ಹೊಟ್ಟೆ ನುಲಿತಕ್ಕಾಗಿ ಬೇಕೆನಿಸಿದರೆ ಆಗ ಸೂಜಿ ಹಾಕಿಸಿಕೊಳ್ಳುವುದು ಎಂದು ಅವಳೇ ತೀರ್ಮಾನಿಸಿದ್ದಾಳೆ. ಅವಳ ಮುಂಗಾಲಿನಲ್ಲಿ ಎರಡು ವರ್ಷಗಳ ಹಿಂದೆ ಕೆಂಪಗೆ ಗಂಟುಗಳೆದ್ದು ತಾವಾಗಿಯೇ ಇಳಿದಿದ್ದವು, ಹುಣ್ಣಾಗಿರಲಿಲ್ಲ. ಹಾವೇರಿಯ ವೈದ್ಯೆಯವರೇ, ಸೂಜಿಯ ಮೊದಲು ಇದನ್ನು ಹೇಳಬೇಕೇ?

ಸೂಜಿ ಹಿಡಿಯುವ ವೈದ್ಯೆ, ಹಾವೇರಿ

ಖಂಡಿತ ಹೇಳಬೇಕು. ನೀವು ವರ್ಣಿಸಿದ್ದು ಎರಿತೀಮಾ ನೋಡೋಸಮ್ ಇರಬಹುದು. ಅದು ಕಾಯಿಲೆ ಕೆರಳಿದಾಗ ಬಂದು, ಶಾಂತವಾದಾಗ ಹೋಗುತ್ತದೆ, ಹುಣ್ಣಾಗುವುದಿಲ್ಲ. ಮತ್ತೆ ಎದ್ದರೆ ಫೋಟೊ ತೆಗೆದಿಟ್ಟು ನಿಮ್ಮ ವೈದ್ಯರಿಗೆ ತೋರಿಸಿ. ಗಂಟುಗಳಿರುವಷ್ಟು ದಿನ ಆ ಕಾಲಿಗೆ ಯಾರಿಂದಲೂ ಸೂಜಿ ಹಾಕಿಸಬೇಡಿ.